ಒಂದು ಬ್ಯಾಕ್‌ಟಿಕ್ ಕಡಿಮೆ ಬಿದ್ದದ್ದಕ್ಕೆ ಪೀಣ್ಯದಲ್ಲಿ ಲಾಗ್ ಅಳಿಸಿಹೋದ ಪ್ರಕರಣ

ಮಂಗಳವಾರ ಸಂಜೆ. 500ಡಿ ಬಸ್ಸಿನಲ್ಲಿ ಬೆಳ್ಳಂದೂರಿನ ಹತ್ತಿರ ನಾನೂ ನಿಂತಿದ್ದೆ, ಬಸ್ಸೂ ನಿಂತಿತ್ತು. ಸಪೋರ್ಟ್ ತಂಡದ ಗೆಳೆಯ ಫೋನ್ ಮಾಡಿ, "ಗುರು, ಒಂದ್ನಿಮಿಷ, ಇನ್ನೊಬ್ಬರನ್ನ ಲೈನಿಗೆ ಹಾಕ್ತೀನಿ" ಅಂದ. ಆ ಇನ್ನೊಬ್ಬರು ಪೀಣ್ಯದ ಒಂದು ಕಾರ್ಖಾನೆಯ ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿ ಕಡೆಯವರು. ನಮಸ್ಕಾರ ಕೂಡ ಹೇಳದೆ ಶುರು ಮಾಡಿದರು: "ಸರ, ನಿಮ್ಮ ಪುಟದಾಗ ಇದ್ದಿದ್ದನ್ನ ಹಂಗ ಕಾಪಿ ಮಾಡಿ ಹಾಕೀನ್ರಿ. ಒಂದಕ್ಷರ ಮುಟ್ಟಿಲ್ರಿ. ಎಲ್ಲಾ ಹೋತಲ್ರಿ!"

ಹೋಗಿದ್ದು ಮೂರನೇ ಲೈನಿನ ಯಂತ್ರಗಳ ಹಳೆಯ ಲಾಗ್‌ಗಳು, ಅಂದರೆ ಯಂತ್ರ ಏನೇನು ಮಾಡಿತು ಅನ್ನುವ ದಾಖಲೆಗಳು. ಮಾರನೇ ದಿನ ಅವರಲ್ಲಿ ಕ್ವಾಲಿಟಿ ಆಡಿಟ್ ಇತ್ತು.

ನಾನು ಆ ಲಾಗ್‌ಗಳನ್ನು ಸಂಗ್ರಹಿಸುವ ಸಾಫ್ಟ್‌ವೇರ್‌ಗೆ ಡಾಕ್ಸ್, ಅಂದರೆ ಬಳಸುವುದು ಹೇಗೆ ಅಂತ ಹೇಳುವ ಪುಟಗಳನ್ನು ಬರೆಯುವವನು, ಟೆಕ್ನಿಕಲ್ ರೈಟರ್. ಕಂಪನಿ ಹೆಸರು ಬೇಡ. ಅವತ್ತು ನಮಗೆ ಗೊತ್ತಾದದ್ದು ಎಲ್ಲೆಲ್ಲೋ ಡಾಕ್ಸ್ ಬರೆಯುತ್ತಿರುವ ಬೇರೆಯವರಿಗೂ ಬೇಕಾಗಬಹುದು ಅನ್ನಿಸಿ, ಮೊದಲಿಂದ ಕೊನೆವರೆಗೂ ಬರೆದಿಡುತ್ತಿದ್ದೇನೆ. ತಪ್ಪಿನ ದೊಡ್ಡ ಪಾಲು ನನ್ನದೇ, ಅದನ್ನೂ ಬರೆಯುತ್ತೇನೆ.

ಮೊದಲು ಅವರು ಕಾಪಿ ಮಾಡಿದ ಕಮಾಂಡ್ ಏನು ಅಂತ ನೋಡೋಣ. ನಮ್ಮ ಸಾಫ್ಟ್‌ವೇರ್ ಕಾರ್ಖಾನೆಯ ಯಂತ್ರಗಳ ಲಾಗ್ ಸಂಗ್ರಹಿಸುತ್ತದೆ. ಒಂದೊಂದು ಲೈನಿಗೆ ಒಂದೊಂದು ಫೋಲ್ಡರ್. ಮೂವತ್ತು ದಿನಕ್ಕಿಂತ ಹಳೆಯದನ್ನು ಅಳಿಸೋಕೆ ಪರ್ಜ್ ಅನ್ನುವ ಕಮಾಂಡ್ ಇದೆ. ನಿಜವಾಗಿ ಅಳಿಸುವ ಮೊದಲು ಏನೇನು ಹೋಗುತ್ತದೆ ಅಂತ ಸುಮ್ನೆ ನೋಡಬೇಕು ಅಂದರೆ ಡ್ರೈ-ರನ್ ಆಪ್ಷನ್ ಸೇರಿಸಬೇಕು. ಕನ್ನಡದಲ್ಲಿ ಬರೆದರೆ ಕಮಾಂಡ್ ಹೀಗೆ: ಪರ್ಜ್ --ಡ್ರೈ-ರನ್ ಲೈನ್3. ಆಪ್ಷನ್ನಿನ ಮುಂದೆ ಎರಡು ಹೈಫನ್ ಇದೆ, ನೋಡಿಕೊಂಡಿರಿ. ಕಥೆಯೆಲ್ಲ ಅಲ್ಲೇ ಇದೆ.

ಅಂದರೆ ಆ ಮನುಷ್ಯ ಮಾಡಿದ್ದು ಹುಷಾರಿನ ಕೆಲಸ. ಅಳಿಸೋಕಲ್ಲ, ನೋಡೋಕೆ ಹೊರಟಿದ್ದರು. ಹುಷಾರಾಗಿದ್ದವರ ಕೈಯಲ್ಲೇ ಅಳಿಸಿಹೋಯಿತು.

ನಾವು ಮೊದಲು ಮಾಡಿದ್ದು ಏನು ಗೊತ್ತಾ? ಅವರ ಮೇಲೇ ಅನುಮಾನಪಟ್ಟೆವು. "ವರ್ಡ್‌ನಲ್ಲಿ ಪೇಸ್ಟ್ ಮಾಡಿ ಅಲ್ಲಿಂದ ತೆಗೆದಿರಾ? ಮೇಲ್‌ನಲ್ಲಿ ಕಳಿಸಿಕೊಂಡಿರಾ?" ಅಂತ ನಾನೇ ಕೇಳಿದೆ. ಅನುಮಾನಕ್ಕೆ ಕಾರಣ ಇತ್ತು. ವರ್ಡ್‌ನಲ್ಲಿ ಎರಡು ಹೈಫನ್ ಹೊಡೆದು ಮುಂದಿನ ಪದ ಬರೆದರೆ ಅದು ತಾನಾಗಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ, ಈ ಕಾಟ ಎಲ್ಲರಿಗೂ ಗೊತ್ತಿರುವುದೇ. ಅವರು ಸಿಟ್ಟಿನಲ್ಲಿ "ಇಲ್ರಿ ಸರ, ಬ್ರೌಸರ್‌ನಿಂದ ಸೀದಾ ಟರ್ಮಿನಲ್ಲಿಗೆ" ಅಂದು, ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ಪರದೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು.

ಆ ಫೋಟೋದಲ್ಲಿ ಎರಡು ವಿಷಯ ಕಂಡವು. ಡ್ರೈ-ರನ್ ಮುಂದೆ ಎರಡು ಚಿಕ್ಕ ಗೆರೆ ಇರಲಿಲ್ಲ, ಸ್ವಲ್ಪ ಉದ್ದದ ಒಂದೇ ಗೆರೆ ಇತ್ತು. ಅದರ ಕೆಳಗೆ, ಯಾರೂ ಗಮನಿಸದ ಒಂದು ಎಚ್ಚರಿಕೆ ಸಾಲು: ಈ ಹೆಸರಿನ ಫೋಲ್ಡರ್ ಇಲ್ಲ, ಬಿಟ್ಟು ಮುಂದೆ ಹೋಗುತ್ತಿದ್ದೇನೆ.

ನಡೆದದ್ದು ಇಷ್ಟು. ಪರ್ಜ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಆಪ್ಷನ್ ಓದುವ ಕೆಲಸ ಆರ್ಗ್‌ಪಾರ್ಸ್ ಎಂಬ ಮಾಡ್ಯೂಲಿನದು. ಹೈಫನ್‌ನಿಂದ ಶುರುವಾದರೆ ಅದು ಆಪ್ಷನ್, ಇಲ್ಲದಿದ್ದರೆ ಸಾಮಾನ್ಯ ಪದ, ಇಷ್ಟೇ ಅದರ ಲೆಕ್ಕ. ಬಂದದ್ದು ಹೈಫನ್ ಅಲ್ಲ, ಎನ್-ಡ್ಯಾಶ್ ಅನ್ನುವ ಆ ಉದ್ದ ಗೆರೆ. ಹಾಗಾಗಿ ಡ್ರೈ-ರನ್ ಕೂಡ ಒಂದು ಫೋಲ್ಡರಿನ ಹೆಸರು ಅಂದುಕೊಂಡಿತು. ಅಂಥ ಫೋಲ್ಡರ್ ಸಿಗಲಿಲ್ಲ, ಬಿಟ್ಟಿತು. ಮುಂದಿನ ಹೆಸರು ಲೈನ್3, ಅದು ಸಿಕ್ಕಿತು, ಅಳಿಸಿತು. ಇಲ್ಲದ ಫೋಲ್ಡರ್ ಹೇಳಿದರೆ ಅಲ್ಲೇ ನಿಲ್ಲಬೇಕಿತ್ತು ಅಂತ ಈಗ ಹೇಳುವುದು ಸುಲಭ. ಡೆವಲಪರ್‌ಗಳು ಅದನ್ನು ಆಮೇಲೆ ಸರಿಮಾಡಿದರು ಕೂಡ. ಆದರೆ ಡ್ಯಾಶ್ ಬಂದದ್ದು ನಮ್ಮ ಪುಟದಿಂದ.

ನಮ್ಮ ಪುಟದಿಂದಲೇ ಅಂತ ಖಚಿತ ಮಾಡಿಕೊಳ್ಳೋಕೆ ಪುಟದಿಂದ ಕಾಪಿ ಮಾಡಿ, ಪ್ರತಿ ಅಕ್ಷರದ ಒಳಗಿನ ಸಂಕೇತ ತೋರಿಸುವ ಹೆಕ್ಸ್‌ಡಂಪ್‌ಗೆ ಹಾಕಿದೆ. ಹೈಫನ್ ಆಗಿದ್ದರೆ 2ಡಿ ಎರಡು ಸಲ ಬರಬೇಕು. ಬಂದದ್ದು ಇ2 80 93. ಯೂನಿಕೋಡ್‌ನ 2013ನೇ ಸಂಕೇತ, ಎನ್-ಡ್ಯಾಶ್. ನಮಗೆ ಕನ್ನಡದವರಿಗೆ ಇಂಥದ್ದು ಹೊಸದೇನಲ್ಲ ಬಿಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಮದುವೆ ಕಾಗದದ ಒಕ್ಕಣೆಯನ್ನು ವಾಟ್ಸಾಪ್‌ಗೆ ಪೇಸ್ಟ್ ಮಾಡಿ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಹುಲಿಕುಣಿತ ನೋಡದವರು ಯಾರಿದ್ದಾರೆ? ಕಣ್ಣಿಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ಆದರೆ ಅಲ್ಲಿ ಕೆಟ್ಟದ್ದು ತಕ್ಷಣ ಕಾಣುತ್ತದೆ. ಇಲ್ಲಿ ಕಾಣಲಿಲ್ಲ.

ಡ್ಯಾಶ್ ಎಲ್ಲಿ ಹುಟ್ಟಿತು

ಒಂದೂವರೆ ವರ್ಷದ ಹಿಂದೆ ನಮ್ಮ ಡಾಕ್ಸ್ ಪೂರ್ತಿ ಮಾರ್ಕ್‌ಡೌನ್‌ನಲ್ಲಿತ್ತು, ಸಾದಾ ಅಕ್ಷರದಲ್ಲೇ ಗುರುತು ಹಾಕಿ ಪುಟ ಬರೆಯುವ ಪದ್ಧತಿ ಅದು. ಪುಟಗಳು ಜಾಸ್ತಿಯಾದವು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು ಕಷ್ಟವಾಯಿತು, ಸ್ಫಿಂಕ್ಸ್‌ಗೆ ಬಂದೆವು. 2008ರಲ್ಲಿ ಪೈಥಾನ್ ಭಾಷೆಯ ಡಾಕ್ಸ್‌ಗೋಸ್ಕರ ಗಿಯಾರ್ಗ್ ಬ್ರಾಂಡ್ಲ್ ಕಟ್ಟಿದ ಸಾಧನ ಇದು, ಒಳಗೆ ಬಳಸುವುದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅನ್ನುವ ಮಾರ್ಕಪ್, ಅಂಥದ್ದೇ ಇನ್ನೊಂದು ಗುರುತಿನ ಪದ್ಧತಿ. ಉದ್ದ ಹೆಸರು, ಇನ್ನು ಮುಂದೆ ಆರ್‌ಎಸ್‌ಟಿ ಅನ್ನುತ್ತೇನೆ. ಬದಲಾಯಿಸಬೇಕು ಅಂತ ಹಟ ಹಿಡಿದವನು ನಾನೇ.

ಹಾಗಾಗಿ ಎಲ್ಲರೂ ಮೊದಲು ಬೆರಳು ಮಾಡಿದ್ದು ಪ್ಯಾನ್‌ಡಾಕ್ ಕಡೆಗೆ. ಹಳೆಯ ಮಾರ್ಕ್‌ಡೌನ್ ಪುಟಗಳನ್ನೆಲ್ಲ ಆರ್‌ಎಸ್‌ಟಿಗೆ ತಿರುಗಿಸಿದ್ದು ಅದೇ. ರಾತ್ರಿ ಮನೆಗೆ ಬಂದು ಹಳೆಯ ಪುಟಗಳನ್ನು ತೆಗೆದು ನೋಡಿದೆ. ಒಂದರಲ್ಲೂ ತಪ್ಪಿಲ್ಲ! ತಪ್ಪಿದ್ದದ್ದು ಬದಲಾವಣೆಯಾದ ಮೇಲೆ ನಾವು ಕೈಯಾರೆ ಬರೆದ ಪುಟಗಳಲ್ಲಿ ಮಾತ್ರ. ಪೀಣ್ಯದವರು ನೋಡಿದ ಪುಟ ನಾನೇ ಬರೆದದ್ದು.

ಕಾರಣ ಬ್ಯಾಕ್‌ಟಿಕ್. ಕೀಬೋರ್ಡಿನಲ್ಲಿ ಎಸ್ಕೇಪ್ ಕೀ ಕೆಳಗಿರುವ ಆ ಪುಟ್ಟ ಓರೆ ಗೆರೆ. ಮಾರ್ಕ್‌ಡೌನ್‌ನಲ್ಲಿ ಒಂದು ಪದದ ಎರಡೂ ಕಡೆ ಒಂದೊಂದು ಬ್ಯಾಕ್‌ಟಿಕ್ ಹಾಕಿದರೆ ಅದು ಕೋಡ್. ಆರ್‌ಎಸ್‌ಟಿಯಲ್ಲಿ ಕೋಡ್ ಅನ್ನಬೇಕಾದರೆ ಎರಡೆರಡು ಹಾಕಬೇಕು. ಒಂದೊಂದೇ ಹಾಕಿದರೆ? ತಪ್ಪೇನೂ ಆಗುವುದಿಲ್ಲ, ಅದಕ್ಕೂ ಅಲ್ಲಿ ಅರ್ಥ ಇದೆ. ಇದು ಯಾವ ಥರದ ಪದ ಅಂತ ಮುಂದೆ ಒಂದು ರೋಲ್ ಹೇಳಬಹುದು, ಹೇಳದಿದ್ದರೆ ಅದು ಪುಸ್ತಕದ ಅಥವಾ ಲೇಖನದ ಶೀರ್ಷಿಕೆ ಅಂತ ಲೆಕ್ಕ. ಶೀರ್ಷಿಕೆ ಅಂದಮೇಲೆ ಇಟ್ಯಾಲಿಕ್‌ನಲ್ಲಿ ಓರೆಯಾಗಿ ಬರುತ್ತದೆ. ಸ್ಫಿಂಕ್ಸ್ ಪಾಲಿಗೆ ನಮ್ಮ ಡ್ರೈ-ರನ್ ಒಂದು ಪುಸ್ತಕದ ಹೆಸರು!

ಇದರ ಮೇಲೆ ಇನ್ನೊಂದು. ಸ್ಫಿಂಕ್ಸ್‌ನಲ್ಲಿ ಸ್ಮಾರ್ಟ್‌ಕೋಟ್ಸ್ ಅಂತ ಒಂದು ಸೌಲಭ್ಯ ತಾನಾಗಿ ಆನ್ ಇರುತ್ತದೆ. ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಂದದ ಚಿಹ್ನೆ ಮಾಡುವುದು, ಎರಡು ಹೈಫನ್ನನ್ನು ಎನ್-ಡ್ಯಾಶ್ ಮಾಡುವುದು, ಮೂರನ್ನು ಇನ್ನೂ ಉದ್ದದ ಎಮ್-ಡ್ಯಾಶ್ ಮಾಡುವುದು ಅದರ ಕೆಲಸ. ಕೋಡ್ ಅಂತ ಗುರುತು ಹಾಕಿದ್ದನ್ನು ಅದು ಮುಟ್ಟುವುದಿಲ್ಲ, ಅಷ್ಟು ಮರ್ಯಾದೆ ಇದೆ. ಆದರೆ ನಾವು ಕೋಡ್ ಅಂತ ಹೇಳಿರಲಿಲ್ಲವಲ್ಲ, ಶೀರ್ಷಿಕೆ ಅಂತ ಹೇಳಿದ್ದೆವು. ಶೀರ್ಷಿಕೆಯಲ್ಲಿ ಎರಡು ಹೈಫನ್ ಇದ್ದರೆ ಚಂದ ಮಾಡಿಕೊಡುವುದು ಅದರ ಧರ್ಮ.

ಇದು ಸ್ಫಿಂಕ್ಸ್ ಮಾಡಿದ ಮೋಸ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಾನ್ ಗ್ರೂಬರ್ ಮಾರ್ಕ್‌ಡೌನ್ ತಂದದ್ದು 2004ರಲ್ಲಿ. ಡೇವಿಡ್ ಗುಡ್ಜರ್ ಅವರ ಆರ್‌ಎಸ್‌ಟಿ 2002ರ ಹೊತ್ತಿಗೇ ಇತ್ತು. ನಮ್ಮ ಬೆರಳಿಗೆ ಮಾರ್ಕ್‌ಡೌನ್ ಮೊದಲು ಅಭ್ಯಾಸವಾಯಿತು, ಅದಕ್ಕೆ ಅದೇ ಮೂಲ ಅನ್ನಿಸುತ್ತದೆ, ಅಷ್ಟೇ.

ಈ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಹೈಫನ್ ಅಲ್ಲ. ಇದನ್ನು ಯಾಕೆ ಯಾರೂ ಹಿಡಿಯಲಿಲ್ಲ ಅನ್ನುವುದು. ಆ ಪುಟವನ್ನು ಇಬ್ಬರು ರಿವ್ಯೂ ಮಾಡಿದ್ದರು. ಬಿಲ್ಡ್, ಅಂದರೆ ಮೂಲ ಫೈಲುಗಳಿಂದ ಪುಟ ತಯಾರಿಸುವ ಕೆಲಸ, ಆ ಪುಟದ ಬಗ್ಗೆ ಒಂದು ಎಚ್ಚರಿಕೆಯೂ ಇಲ್ಲದೆ ಮುಗಿದಿತ್ತು. ಮಾರ್ಕ್‌ಡೌನ್ ಅಭ್ಯಾಸದಲ್ಲಿ ಚೌಕ ಆವರಣ, ದುಂಡು ಆವರಣ ಹಾಕಿ ಲಿಂಕ್ ಬರೆದರೆ ಆರ್‌ಎಸ್‌ಟಿ ಪುಟದಲ್ಲಿ ಆ ಆವರಣಗಳು ಹಾಗೇ ಬತ್ತಲೆ ನಿಲ್ಲುತ್ತವೆ, ಮೊದಲು ನೋಡಿದವರೇ ನಕ್ಕು ಸರಿಮಾಡುತ್ತಾರೆ. ಕೋಡ್ ಬ್ಲಾಕ್ ಅಂತ ಹೇಳುವ ಸಾಲಿಗೂ ಕೋಡಿಗೂ ನಡುವೆ ಖಾಲಿ ಸಾಲು ಮರೆತರೆ ಸಾಮಾನ್ಯವಾಗಿ ಬಿಲ್ಡ್ ಕೂಗಾಡುತ್ತದೆ. ಅಂಥ ತಪ್ಪುಗಳು ಒಂದು ದಿನ ಕೂಡ ಬದುಕುವುದಿಲ್ಲ. ಇದು ಹನ್ನೊಂದು ತಿಂಗಳು ಬದುಕಿತು, ಯಾಕೆಂದರೆ ಇದು ತಪ್ಪು ಬರಹವಲ್ಲ. ಬೇರೆ ಅರ್ಥದ ಸರಿಯಾದ ಬರಹ. ನಮ್ಮ ಹಳೇ ಮೈಸೂರು ಕಡೆ ಹಕಾರ ನುಂಗುತ್ತೇವಲ್ಲ, ಹಾಸನಕ್ಕೆ ಹೋಗಬೇಕು ಅಂತ ಬರೆಯೋಕೆ ಹೋಗಿ ಆಸನಕ್ಕೆ ಹೋಗಬೇಕು ಅಂತ ಬರೆದರೆ ಸ್ಪೆಲ್‌ಚೆಕ್ ಏನು ಮಾಡೀತು? ಎರಡೂ ಪದ ನಿಘಂಟಿನಲ್ಲಿವೆ. ರಿವ್ಯೂ ಮಾಡಿದವರಿಗೆ ಕಂಡದ್ದು ಓರೆ ಅಕ್ಷರದ ಆಪ್ಷನ್ ಹೆಸರು. ಇದು ಹೊಸ ಸ್ಟೈಲ್ ಇರಬೇಕು ಅಂದುಕೊಂಡು ಮುಂದೆ ಹೋದರು. ನನಗೂ ಹಾಗೇ ಅನ್ನಿಸಿತ್ತು, ಬರೆದವನು ನಾನೇ ಆದರೂ.

ಆ ರಾತ್ರಿ ಮತ್ತು ಮಾರನೇ ದಿನ

ಕಾರ್ಖಾನೆಯಲ್ಲಿ ಭಾನುವಾರದ ಬ್ಯಾಕಪ್ ಇತ್ತು. ಅಳಿಸಿದ್ದು ಹಳೆಯ ಲಾಗ್‌ಗಳನ್ನು ಮಾತ್ರ, ಹಾಗಾಗಿ ಎಲ್ಲವೂ ವಾಪಸ್ ಬಂತು. ಆದರೆ ಬುಧವಾರ ಸಂಜೆಯಾಯಿತು, ಆಡಿಟ್ ಒಂದು ದಿನ ಮುಂದೆ ಹೋಯಿತು. ಆ ಅಡ್ಮಿನ್ ತಮ್ಮ ಮೇಲಿನವರ ಹತ್ತಿರ ಬೈಸಿಕೊಂಡರು. ಅದಕ್ಕೆ ನಮ್ಮಲ್ಲಿ ಬ್ಯಾಕಪ್ ಇರಲಿಲ್ಲ. ಬುಧವಾರ ಬೆಳಿಗ್ಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದು, ವರ್ಡ್ ವಿಷಯ ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದೆ. "ಇರಲಿ ಬಿಡ್ರಿ ಸರ" ಅಂದರು, ಆದರೆ ಇರಲಿ ಅನ್ನುವ ದನಿ ಅದಾಗಿರಲಿಲ್ಲ.

ತಾತ್ಕಾಲಿಕ ಪರಿಹಾರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಫಿಂಕ್ಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫ್ ಫೈಲಿನಲ್ಲಿ ಸ್ಮಾರ್ಟ್‌ಕೋಟ್ಸ್ ಆಫ್ ಮಾಡಿ ಮಂಗಳವಾರ ರಾತ್ರಿಯೇ ಸೈಟನ್ನು ಮತ್ತೆ ಬಿಲ್ಡ್ ಮಾಡಿದೆವು. ಬಾಗಿದ ಉದ್ಧರಣ ಚಿಹ್ನೆಗಳು ಹೋದವು, ಇವತ್ತಿನವರೆಗೂ ಅವಕ್ಕಾಗಿ ಒಬ್ಬರೂ ಅತ್ತಿಲ್ಲ. ಕಮಾಂಡ್‌ಗಳೇ ತುಂಬಿರುವ ಡಾಕ್ಸ್‌ನಲ್ಲಿ ಆ ಸೌಲಭ್ಯ ಮೊದಲ ದಿನವೇ ಆಫ್ ಆಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಡ್ಯಾಶ್ ನಿಂತಿತೇ ಹೊರತು ಪುಸ್ತಕದ ಹೆಸರುಗಳು ಹಾಗೇ ಇದ್ದವು. ಸ್ಫಿಂಕ್ಸ್-ಲಿಂಟ್ ಅಂತ ಒಂದು ಸಾಧನ ಇದೆ, ಆರ್‌ಎಸ್‌ಟಿ ಫೈಲುಗಳಲ್ಲಿ ಇಂಥವನ್ನು ಹುಡುಕುತ್ತದೆ. ರೋಲ್ ಇಲ್ಲದ ಒಂಟಿ ಬ್ಯಾಕ್‌ಟಿಕ್ ಹುಡುಕುವ ಪರೀಕ್ಷೆ ಅದರಲ್ಲಿ ತಾನಾಗಿ ಆನ್ ಇರುವುದಿಲ್ಲ, ನಾವೇ ಆನ್ ಮಾಡಬೇಕು. ಮಾಡಿದೆವು. ಪರದೆ ತುಂಬ ಉರುಳಿತು, ಆರುನೂರು ಚಿಲ್ಲರೆ ಜಾಗ. ಅದರಲ್ಲಿ ನಲವತ್ತೊಂದು ಕಡೆ ಎರಡು ಹೈಫನ್ನಿನ ಆಪ್ಷನ್. ಅಂದರೆ ಇನ್ನೂ ನಲವತ್ತು ಪೀಣ್ಯಗಳು ಕಾದು ಕೂತಿದ್ದವು.

ಜಗಳವಾದದ್ದು ಇಲ್ಲಿ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಒಂದು ಚುರುಕಾದ ದಾರಿ ಹೇಳಿದಳು: "ಸರ್, ಡೀಫಾಲ್ಟ್ ರೋಲನ್ನ ಕೋಡ್ ಅಂತ ಒಂದೇ ಸಾಲಲ್ಲಿ ಹೇಳಿಬಿಡಬಹುದು. ಒಂಟಿ ಬ್ಯಾಕ್‌ಟಿಕ್ ಕೂಡ ಕೋಡ್ ಆಗುತ್ತೆ. ಜನ ಹೇಗಿದ್ರೂ ಮಾರ್ಕ್‌ಡೌನ್ ಥರಾನೇ ಬರೆಯೋದು, ಅವರ ಬೆರಳನ್ನ ಯಾಕೆ ತಿದ್ದೋದು?" ನಿಜ, ಸ್ಫಿಂಕ್ಸ್‌ನಲ್ಲಿ ಅದು ಸಾಧ್ಯ. ಅರ್ಧ ತಂಡ ಅವಳ ಕಡೆ ವಾಲಿತು, ಒಂದು ಗಳಿಗೆ ನಾನೂ ವಾಲಿದೆ. ಆರುನೂರು ಜಾಗ ತಿದ್ದುವುದು ಯಾರಿಗೆ ಬೇಕು?

ನಮ್ಮ ಲೀಡ್ ಮೇಡಂ ಮಾತ್ರ ಬೈಟು ಕಾಫಿಯ ಲೋಟ ಹಿಡಿದು ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಒಂದೇ ಕೆಲಸ ಮಾಡಿದರು. ಅದೇ ಫೈಲನ್ನು, ನಮ್ಮ ಮೂಲ ಫೈಲುಗಳನ್ನು ಇಟ್ಟಿರುವ ಗಿಟ್‌ಹಬ್ ಸೈಟಿನಲ್ಲಿ ತೆರೆದು ತೋರಿಸಿದರು. ಗಿಟ್‌ಹಬ್ ಆರ್‌ಎಸ್‌ಟಿ ಫೈಲನ್ನು ತಾನೇ ರೂಪ ಕೊಟ್ಟು ತೋರಿಸುತ್ತದೆ, ನಮ್ಮ ಕಾನ್ಫ್ ಫೈಲನ್ನು ಅದು ಓದುವುದಿಲ್ಲ. ಅಲ್ಲಿ ಡ್ರೈ-ರನ್ ಮತ್ತೆ ಓರೆ ಅಕ್ಷರ, ಮತ್ತೆ ಪುಸ್ತಕದ ಹೆಸರು. "ಫೈಲ್ ಒಂದು, ಅರ್ಥ ಎರಡು. ಬೇಕಾ?" ಅಂದರು. ಬೇಡ ಅಂತಾಯಿತು. ಆದರೂ ಆ ಹುಡುಗಿಯ ಮಾತು ಪೂರ್ತಿ ತಪ್ಪಲ್ಲ ಅಂತ ಈಗಲೂ ನನಗನ್ನಿಸುತ್ತದೆ. ಫೈಲುಗಳು ಸ್ಫಿಂಕ್ಸ್ ಬಿಟ್ಟು ಬೇರೆಲ್ಲೂ ಕಾಣದ ಚಿಕ್ಕ ತಂಡವಾಗಿದ್ದರೆ ಅದೇ ಸಾಕು.

ನಾವು ಕೊನೆಗೆ ಒಪ್ಪಿದ್ದು: ಕಾಪಿ ಮಾಡಿ ಓಡಿಸುವ ಕಮಾಂಡ್ ಏನೇ ಇರಲಿ ವಾಕ್ಯದ ನಡುವೆ ಬರುವ ಹಾಗಿಲ್ಲ, ಪ್ರತ್ಯೇಕ ಕೋಡ್ ಬ್ಲಾಕ್‌ನಲ್ಲೇ ಇರಬೇಕು. ವಾಕ್ಯದಲ್ಲಿ ಆಪ್ಷನ್ ಹೆಸರು ಬಂದರೆ ಬರೀ ಎರಡು ಬ್ಯಾಕ್‌ಟಿಕ್ ಅಲ್ಲ, ಆಪ್ಷನ್ ಅನ್ನುವ ರೋಲ್ ಹಾಕಬೇಕು. ರೋಲ್ ಇಲ್ಲದ ಒಂಟಿ ಬ್ಯಾಕ್‌ಟಿಕ್ ಕಂಡರೆ ಲಿಂಟ್ ಅಲ್ಲೇ ತಡೆಯಬೇಕು.

ಆಪ್ಷನ್ ರೋಲ್ ಯಾಕೆ ಅಂದರೆ, ಅದು ಸುಮ್ನೆ ಅಕ್ಷರದ ರೂಪ ಬದಲಿಸುವುದಿಲ್ಲ. ಆ ಹೆಸರಿನ ಆಪ್ಷನ್ ರೆಫರೆನ್ಸ್ ಪುಟದಲ್ಲಿ ನಿಜವಾಗಿ ಇದೆಯೇ ಅಂತ ನೋಡುತ್ತದೆ, ಇದ್ದರೆ ಅಲ್ಲಿಗೆ ಲಿಂಕ್ ಹಾಕುತ್ತದೆ, ಇಲ್ಲದಿದ್ದರೆ ಇಂಥ ಆಪ್ಷನ್ ಗೊತ್ತಿಲ್ಲ ಅಂತ ಎಚ್ಚರಿಸುತ್ತದೆ. ನಲವತ್ತೊಂದನ್ನೂ ಹೀಗೆ ಬದಲಾಯಿಸಿ ಬಿಲ್ಡ್ ಮಾಡಿದಾಗ ಇಂಥ ಮೂರು ಎಚ್ಚರಿಕೆ ಬಂದವು. ಎರಡು ನಮ್ಮ ಕೈತಪ್ಪು. ಮೂರನೆಯದು ಬೇರೆ: ಎರಡು ರಿಲೀಸ್ ಹಿಂದೆಯೇ ಸಾಫ್ಟ್‌ವೇರ್‌ನಿಂದ ತೆಗೆದುಹಾಕಿದ್ದ ಒಂದು ಆಪ್ಷನ್ನನ್ನು ನಮ್ಮ ಗೈಡ್ ಇನ್ನೂ ಬಳಸಿ ಅಂತ ಹೇಳುತ್ತಿತ್ತು! ಯಾವ ರಿವ್ಯೂನಲ್ಲೂ ಅದು ಸಿಕ್ಕಿರಲಿಲ್ಲ.

ಇದರಿಂದ ಹುರುಪು ಬಂದು ಸ್ವಲ್ಪ ಅತಿ ಕೂಡ ಮಾಡಿದೆವು. ಫೈಲಿಗೊಂದು ರೋಲ್, ಪ್ರೋಗ್ರಾಮಿಗೊಂದು, ಮೆನುಗೊಂದು, ಬಟನ್‌ಗೊಂದು, ಕೀಲಿಗೊಂದು. ಹತ್ತು ದಿನದಲ್ಲಿ ಮೂಲ ಫೈಲುಗಳು ಓದೋಕೇ ಆಗದ ಹಾಗಾದವು, ಡೆವಲಪರ್‌ಗಳು ಡಾಕ್ಸ್ ತಿದ್ದುವುದನ್ನೇ ಬಿಟ್ಟರು. ಆಪ್ಷನ್, ಫೈಲ್, ಬಟನ್, ಪುಟದ ಲಿಂಕ್, ಈ ನಾಲ್ಕು ಇಟ್ಟುಕೊಂಡು ಉಳಿದದ್ದಕ್ಕೆಲ್ಲ ಎರಡು ಬ್ಯಾಕ್‌ಟಿಕ್ ಸಾಕು ಅಂದೆವು. ಹಾಗೇ ಕೋಡ್ ಬ್ಲಾಕ್‌ಗಳಲ್ಲಿ ಕಮಾಂಡ್ ಮುಂದೆ ಬರೆಯುತ್ತಿದ್ದ ಡಾಲರ್ ಚಿಹ್ನೆಯನ್ನೂ ತೆಗೆದೆವು. ಅದನ್ನೂ ಸೇರಿಸಿ ಕಾಪಿ ಮಾಡಿ ಕಮಾಂಡ್ ಸಿಗುತ್ತಿಲ್ಲ ಅಂತ ಟಿಕೆಟ್ ಹಾಕುವವರಿಗೆ ಲೆಕ್ಕವೇ ಇರಲಿಲ್ಲ.

ಕನ್ನಡ ಪುಟದ ಕಥೆ

ಲಿಂಟ್ ಓಡಿಸುವಾಗ ಇನ್ನೊಂದು ಹುಳುಕು ಹೊರಬಂತು, ಅದು ನಮ್ಮದೇ ಭಾಷೆಯದು. ಫ್ಲೋರ್‌ನಲ್ಲಿ ಕೆಲಸ ಮಾಡುವ ಆಪರೇಟರ್‌ಗಳಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಗೈಡ್ ಇದೆ. ಅದರ ಒಂದು ಪ್ಯಾರಾದಲ್ಲಿ ಅರ್ಧ ವಾಕ್ಯ ಕೋಡ್ ಅಕ್ಷರದಲ್ಲಿ, ಬೂದು ಬಣ್ಣದ ಚೌಕದೊಳಗೆ ಬಂದಿತ್ತು. ನಡುವೆ ಎರಡೆರಡು ಬ್ಯಾಕ್‌ಟಿಕ್ ಕೂಡ ಇಣುಕುತ್ತಿದ್ದವು. ಬಿಲ್ಡ್ ಮತ್ತೆ ಮೌನ.

ಕಾರಣ ವಿಭಕ್ತಿ ಪ್ರತ್ಯಯ. ಆರ್‌ಎಸ್‌ಟಿಯಲ್ಲಿ ಮುಗಿಯುವ ಬ್ಯಾಕ್‌ಟಿಕ್ ಆದಮೇಲೆ ಖಾಲಿ ಜಾಗ ಅಥವಾ ವಿರಾಮ ಚಿಹ್ನೆ ಇರಲೇಬೇಕು. ಅಕ್ಷರ ಅಂಟಿದ್ದರೆ ಅದನ್ನು ಮುಕ್ತಾಯ ಅಂತ ಒಪ್ಪುವುದಿಲ್ಲ. ಇಂಗ್ಲಿಷ್‌ಗೆ ಇದರಿಂದ ತೊಂದರೆಯಿಲ್ಲ, ಅಲ್ಲಿ ಹೆಸರಿನ ಮುಂದೆ ಬೇರೆ ಪದ ನಿಲ್ಲುತ್ತದೆ. ನಮ್ಮಲ್ಲಿ ಗೆ, ಇಂದ, ಅಲ್ಲಿ ಎಲ್ಲವೂ ಹೆಸರಿಗೇ ಅಂಟಿಕೊಳ್ಳುತ್ತವೆ. ಅನುವಾದಕರು ``ಪರ್ಜ್``ಗೆ ಅಂತ ಬರೆದಿದ್ದರು. ಅಲ್ಲಿ ಮುಗಿಯಲಿಲ್ಲ. ಒಂದು ಪ್ಯಾರಾದಲ್ಲಿ ಇಂಥದ್ದು ಒಂದೇ ಇದ್ದರೆ, ಶುರುವಾಗಿದೆ, ಮುಗಿದಿಲ್ಲ ಅಂತ ಎಚ್ಚರಿಕೆ ಬರುತ್ತದೆ. ಆದರೆ ಅದೇ ಪ್ಯಾರಾದಲ್ಲಿ ಮುಂದೆ ``ಲೈನ್3`` ಅಂತ, ಆಮೇಲೆ ಖಾಲಿ ಜಾಗ ಬಿಟ್ಟು, ಇನ್ನೊಂದು ಇತ್ತು. ಪರ್ಜ್ ಮುಂದೆ ತೆರೆದದ್ದು ಲೈನ್3 ಆದಮೇಲೆ ಹೋಗಿ ಮುಗಿಯಿತು, ನಡುವಿನ ಕನ್ನಡವೆಲ್ಲ ಕೋಡ್ ಆಯಿತು. ಮತ್ತೆ ಅದೇ: ಬೇರೆ ಅರ್ಥದ ಸರಿಯಾದ ಬರಹ.

ಇದಕ್ಕೆ ಅಧಿಕೃತ ಉಪಾಯ ಇದೆ. ಬ್ಯಾಕ್‌ಟಿಕ್ ಆದಮೇಲೆ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಖಾಲಿ ಜಾಗ, ಆಮೇಲೆ ಗೆ ಬರೆದರೆ ಪುಟದಲ್ಲಿ ಆ ಜಾಗ ಮಾಯವಾಗಿ ಅಂಟಿಕೊಂಡೇ ಬರುತ್ತದೆ. ಅನುವಾದಕರಿಗೆ ಹೇಳಿದಾಗ ಅವರು ನನ್ನನ್ನು ನೋಡಿದ ನೋಟ ಮರೆಯೋಕಾಗಲ್ಲ. ಅವರೇ ಇನ್ನೊಂದು ದಾರಿ ಹೇಳಿದರು, ಅದು ನಮ್ಮ ಪತ್ರಿಕೆಗಳವರು ಎಂದಿನಿಂದಲೂ ಮಾಡುತ್ತಿರುವುದೇ. ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಒಂದು ಕನ್ನಡ ಪದ ನಿಲ್ಲಿಸಿ, ಪ್ರತ್ಯಯವನ್ನು ಅದಕ್ಕೆ ಅಂಟಿಸುವುದು. ಪರ್ಜ್‌ಗೆ ಅನ್ನುವ ಬದಲು ಪರ್ಜ್ ಕಮಾಂಡಿಗೆ. ಲೈನ್3ರಲ್ಲಿ ಅನ್ನುವ ಬದಲು ಲೈನ್3 ಫೋಲ್ಡರಿನಲ್ಲಿ. ಓದೋಕೂ ಚೆನ್ನ, ಬ್ಯಾಕ್‌ಸ್ಲ್ಯಾಶ್ ಗೋಜೂ ಇಲ್ಲ. ಅದೇ ನಿಯಮ ಆಯಿತು.

ಬಿಲ್ಡ್ ಬಿಗಿ ಮಾಡಿದ್ದು

ಎಚ್ಚರಿಕೆ ಬಂದರೆ ಬಿಲ್ಡ್ ಕೆಡಬೇಕು ಅನ್ನುವ ಸ್ವಿಚ್ ಸ್ಫಿಂಕ್ಸ್‌ನಲ್ಲಿದೆ. ಹಳೆಯ ಡಾಕ್ಸ್ ಮೇಲೆ ಅದನ್ನು ಒಂದೇ ಸಲ ಒತ್ತಿದರೆ ಏನಾಗುತ್ತದೆ ಅಂತ ನಮಗೂ ಗೊತ್ತಿತ್ತು, ಆದರೂ ಒತ್ತಿದೆವು. ನಾನೂರಕ್ಕೂ ಜಾಸ್ತಿ ಎಚ್ಚರಿಕೆ, ರಿಲೀಸ್ ನಿಂತುಹೋಯಿತು, ಮ್ಯಾನೇಜರ್ ಮುಖ ಗಂಟಾಯಿತು. ವಾಪಸ್ ತೆಗೆದೆವು. ಆಮೇಲೆ ಮಾಡಿದ್ದು ಹಳ್ಳಿ ಸಾಲದ ಲೆಕ್ಕದ ಥರ. ಇವತ್ತಿನ ಎಚ್ಚರಿಕೆಗಳ ಸಂಖ್ಯೆ ಒಂದು ಫೈಲಿನಲ್ಲಿ ಬರೆದಿಟ್ಟೆವು. ಅದಕ್ಕಿಂತ ಒಂದು ಹೆಚ್ಚಾದರೂ ಬಿಲ್ಡ್ ಕೆಡುತ್ತದೆ, ಕಡಿಮೆಯಾದರೆ ಹೊಸ ಸಂಖ್ಯೆಯೇ ಮಿತಿ. ಐದು ವಾರಕ್ಕೆ ಸೊನ್ನೆಗೆ ಬಂತು, ಆಮೇಲೆ ಸ್ವಿಚ್ ಒತ್ತಿದೆವು.

ಇನ್ನೂ ಒಂದು ಪರೀಕ್ಷೆ ಸೇರಿಸಿದ್ದೇವೆ, ಇದು ಮೂಲ ಫೈಲಿನ ಮೇಲಲ್ಲ, ತಯಾರಾದ ಪುಟದ ಮೇಲೆ. ಖಾಲಿ ಜಾಗ ಅಥವಾ ಟ್ಯಾಗ್ ಆದಮೇಲೆ ಎನ್-ಡ್ಯಾಶ್ ಇದ್ದು, ಅದಕ್ಕೆ ಇಂಗ್ಲಿಷ್ ಅಕ್ಷರ ಅಂಟಿದ್ದರೆ ತಡೆ. ಹತ್ತು ಸಾಲಿನ ಸ್ಕ್ರಿಪ್ಟ್. ಯಾರೋ ವರ್ಡ್‌ನಿಂದ ತಂದು ಸುರಿದ ಡ್ಯಾಶ್ ಲಿಂಟ್‌ಗೆ ಸಿಗುವುದಿಲ್ಲ. ಇದಕ್ಕೆ ಸಿಗುತ್ತದೆ. ಮೊದಲ ವಾರದಲ್ಲೇ ಒಂದು ಸಿಕ್ಕಿತು, ಅದು ವರ್ಡ್‌ನಿಂದಲೇ ಬಂದದ್ದು. ತಂದು ಹಾಕಿದವರು ಗ್ರಾಹಕರಲ್ಲ, ನಮ್ಮ ಮ್ಯಾನೇಜರ್.

ಎರಡು ತಿಂಗಳ ನಂತರ ಬೇರೆ ಕೆಲಸಕ್ಕೆ ಪೀಣ್ಯಕ್ಕೆ ಹೋಗಿದ್ದೆ. ಸರ್ವರ್ ರೂಮಿನ ಗೋಡೆಗೆ ನಮ್ಮ ಗೈಡಿನ ಹಳೆಯ ಪ್ರಿಂಟ್ ಇನ್ನೂ ಅಂಟಿತ್ತು, ಪಿಡಿಎಫ್‌ನಿಂದ ತೆಗೆದದ್ದು, ಅದೇ ಓರೆ ಅಕ್ಷರ, ಅದೇ ಒಂಟಿ ಗೆರೆ. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು, ಮೇಲೆ ಬಿಡಿಬಿಡಿಯಾಗಿ ಎರಡು ಗೆರೆ ಎಳೆದಿದ್ದರು. ಪಕ್ಕದಲ್ಲಿ ಬರೆದದ್ದು: "ಎರಡು ಸಲ ಹೊಡೀರಿ. ಕಾಪಿ ಮಾಡಬ್ಯಾಡ್ರಿ." ಹೊಸ ಪ್ರಿಂಟ್ ತಂದಿದ್ದೆ, ಕೊಟ್ಟೆ. ಇಸಿದುಕೊಂಡರು, ಅದನ್ನೂ ಅಂಟಿಸಿದರು. ಹಳೆಯದನ್ನು ಮಾತ್ರ ಕೀಳಲಿಲ್ಲ.